ಮುರಿದ ಎಳೆಯೂ ಜೀನಿನ ತಿದ್ದುಪಡಿಯೂ

ಕುಡುಗೋಲು ಕಣದ ರಕ್ತಹೀನತೆ ಎಂಬ ರೋಗದ ಮೂಲವನ್ನು ಅರಸುತ್ತ ಹೋದರೆ ನಾವು ಕಟ್ಟಕಡೆಗೆ ಒಂದೇ ಒಂದು ಅಕ್ಷರದ ಬಳಿ ಬಂದು ನಿಲ್ಲುತ್ತೇವೆ. ನಮ್ಮ ದೇಹದ ಪ್ರತಿಯೊಂದು ಜೀವಕೋಶದ ಕೇಂದ್ರದಲ್ಲಿಯೂ ಡಿ.ಎನ್.ಎ. ಎಂಬ ಉದ್ದವಾದ ಅಣುವಿನಲ್ಲಿ ಅನುವಂಶಿಕ ಲಿಪಿಯು ಬರೆಯಲ್ಪಟ್ಟಿದೆ. ಈ ಲಿಪಿಯಲ್ಲಿ ಅಕ್ಷರಗಳು ನಾಲ್ಕೇ: ಅಡೆನಿನ್, ಥೈಮಿನ್, ಗ್ವಾನಿನ್, ಸೈಟೊಸಿನ್. ಅವುಗಳನ್ನು ಎ, ಟಿ, ಜಿ, ಸಿ ಎಂದು ಚಿಕ್ಕದಾಗಿ ಕರೆಯುವುದು ವಾಡಿಕೆ. ರಕ್ತದ ಹೀಮೊಗ್ಲೋಬಿನ್ನಿನಲ್ಲಿರುವ ಬೀಟಾ ಎಂಬ ಪ್ರೋಟೀನು ಸರಪಣಿಯನ್ನು ಕಟ್ಟುವ ಕ್ರಮವನ್ನು ತಿಳಿಸುವ ಜೀನಿನಲ್ಲಿ, ಎ ಇರಬೇಕಾದ ಒಂದೆಡೆ ಟಿ ಬಂದು ಕುಳಿತರೆ, ಸರಪಣಿಯಲ್ಲಿ ಗ್ಲೂಟಾಮಿಕ್ ಆಮ್ಲವಿರಬೇಕಾದ ಸ್ಥಾನಕ್ಕೆ ವ್ಯಾಲಿನ್ ಬಂದುಬಿಡುತ್ತದೆ. ಇಷ್ಟೇ ದೋಷ. ಆದರೆ ಆಮ್ಲಜನಕವನ್ನು ಬಿಟ್ಟುಕೊಟ್ಟ ಇಂತಹ ಹೀಮೊಗ್ಲೋಬಿನ್ ಅಣುಗಳು ಒಂದಕ್ಕೊಂದು ಅಂಟಿಕೊಂಡು ಕಡ್ಡಿಗಳಂತೆ ಸಾಲುಗಟ್ಟುವುವು. ದುಂಡಾದ ರಕ್ತಕಣವು ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು, ಸಹಿಸಲಸಾಧ್ಯವಾದ ನೋವನ್ನುಂಟುಮಾಡುವುದು. ತಂದೆ ತಾಯಿಗಳಿಬ್ಬರಿಂದಲೂ ಈ ಜೀನನ್ನು ಪಡೆದ ಮಗುವಿಗೆ ಬಾಳೆಲ್ಲ ಈ ಪಾಡು. ಭಾರತದಲ್ಲಿ ಈ ಲಕ್ಷಣವನ್ನು ಮೊದಲು ಗುರುತಿಸಿದುದು 1952ರಲ್ಲಿ, ನೀಲಗಿರಿಯ ಗಿರಿಜನರಲ್ಲಿ. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿಯೂ ಇದು ಕಂಡುಬಂದಿದೆ.

ತಪ್ಪು ಎಲ್ಲಿದೆಯೆಂಬುದು ಗೊತ್ತು; ಸರಿಯಾದ ಅಕ್ಷರ ಯಾವುದೆಂಬುದೂ ಗೊತ್ತು. ಹಾಗಿದ್ದ ಮೇಲೆ ಅದನ್ನು ತಿದ್ದಿಬಿಡಬಾರದೇಕೆ? ಪ್ರಶ್ನೆ ಸಹಜವಾದುದೇ. ಇದಕ್ಕೆ ಉತ್ತರ ಹೇಳುವ ಮುನ್ನ ಕೆಲಸದ ಪ್ರಮಾಣವನ್ನು ಸ್ವಲ್ಪ ಲೆಕ್ಕಹಾಕೋಣ. ಮಾನವನ ಒಂದು ಕೋಶದಲ್ಲಿರುವ 46 ವರ್ಣತಂತುಗಳಲ್ಲಿ ಒಟ್ಟು ಸುಮಾರು 600 ಕೋಟಿ ಅಕ್ಷರ ಜೋಡಿಗಳಿವೆ. ಒಂದು ಜೋಡಿಗೂ ಮುಂದಿನದಕ್ಕೂ ಇರುವ ಅಂತರ ಒಂದು ಮೀಟರಿನ ಶತಕೋಟಿ ಭಾಗಗಳಲ್ಲಿ 0.34 ಭಾಗ. ಗುಣಿಸಿ ನೋಡಿದರೆ ಎಳೆಯ ಒಟ್ಟು ಉದ್ದ ಎರಡು ಮೀಟರು ಬರುತ್ತದೆ. ಇದನ್ನೆಲ್ಲ ಲಕ್ಷ ಪಟ್ಟು ಹಿಗ್ಗಿಸಿದೆವೆಂದು ಭಾವಿಸಿದರೆ, ಡಿ.ಎನ್.ಎ.ಯು ಹೊಲಿಗೆಯ ದಾರದಷ್ಟು ದಪ್ಪವಾಗಿ, 200 ಕಿಲೋಮೀಟರು ಉದ್ದವಾಗಿ, ಒಂದು ದೊಡ್ಡ ಕೊಪ್ಪರಿಗೆಯೊಳಗೆ ತುಂಬಿಕೊಂಡಿರುತ್ತದೆ. ತಿದ್ದಬೇಕಾದ ಅಕ್ಷರವು ಆ ದಾರದಲ್ಲಿ ಒಂದು ಮಿಲಿಮೀಟರಿನ ಮೂವತ್ತರಲ್ಲೊಂದು ಪಾಲು! ಯಾವ ಚಿಮುಟ, ಯಾವ ಸೂಜಿ ಅಲ್ಲಿಗೆ ಹೋದೀತು?

ಹೋಗಬೇಕಾದುದಿಲ್ಲ. ಜೀನನ್ನು ತಿದ್ದುವ ವಿಜ್ಞಾನಿ ತಾನಾಗಿ ಏನನ್ನೂ ತಿದ್ದುವುದಿಲ್ಲ, ಕೋಶದಿಂದ ತಿದ್ದಿಸುತ್ತಾನೆ. ಪ್ರತಿಯೊಂದು ಕೋಶದಲ್ಲಿಯೂ ಡಿ.ಎನ್.ಎ.ಯನ್ನು ದುರಸ್ತಿ ಮಾಡುವ ಕಿಣ್ವಗಳ ಪಡೆಗಳು ಹಗಲಿರುಳೂ ದುಡಿಯುತ್ತಿವೆ. ಆ ಪಡೆಗಳ ಸ್ವಭಾವವನ್ನು ಬಲ್ಲವನಿಗೆ ಜೀನು ವಶವಾಗುತ್ತದೆ, ಅರಿಯದವನಿಗೆ ಆಗುವುದಿಲ್ಲ. ಕಳೆದ ನಾಲ್ಕು ದಶಕಗಳ ಜೀನ್ ತಿದ್ದುಪಡಿಯ ಇತಿಹಾಸವೆಲ್ಲವೂ ಒಂದರ್ಥದಲ್ಲಿ ಈ ದುರಸ್ತಿಗಾರರನ್ನು ಒಲಿಸಿಕೊಳ್ಳುವ ಪ್ರಯತ್ನದ ಇತಿಹಾಸವೆಂದೇ ನಮ್ಮ ಅಭಿಪ್ರಾಯ.

ಡಿ.ಎನ್.ಎ.ಯು ಜೋಡಿ ಎಳೆಯ ಸುರುಳಿಯೆಂಬುದನ್ನು 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ತೋರಿಸಿಕೊಟ್ಟರು. ಎ ಇದ್ದ ಕಡೆ ಎದುರಿಗೆ ಟಿ, ಜಿ ಇದ್ದ ಕಡೆ ಎದುರಿಗೆ ಸಿ ಎಂಬುದು ನಿಯಮ. ಒಂದು ಎಳೆಯಲ್ಲಿ ಅಕ್ಷರ ಕೆಟ್ಟರೆ, ಎದುರಿನ ಎಳೆಯನ್ನು ನೋಡಿ ಸರಿಪಡಿಸುವುದು ಸುಲಭ. ಇಂತಹ ದುರಸ್ತಿಯ ಮಾರ್ಗಗಳನ್ನು ವಿವರಿಸಿದ ಲಿಂಡಾಲ್, ಮೋಡ್ರಿಚ್, ಸಂಜಾರ್ ಎಂಬ ಮೂವರಿಗೆ 2015ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಎರಡು ಎಳೆಗಳೂ ಒಂದೇ ಸ್ಥಳದಲ್ಲಿ ಕಡಿದುಹೋದರೆ? ಆಗ ನೋಡಿ ಬರೆಯಲು ಎದುರಿನ ಎಳೆಯೂ ಇಲ್ಲ. ವರ್ಣತಂತುವೇ ಎರಡು ತುಂಡಾಗಿದೆ. ಕೋಶಕ್ಕೆ ಇದಕ್ಕಿಂತ ದೊಡ್ಡ ಗಂಡಾಂತರ ಬೇರೊಂದಿಲ್ಲ.

ಭೌತವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಎಕ್ಸ್-ಕಿರಣಗಳ ಪ್ರಮಾಣವನ್ನು ಅಳೆಯುವ ಮಾನ ‘ಗ್ರೇ’. ಒಂದು ಕಿಲೋಗ್ರಾಮ್ ದ್ರವ್ಯವು ಒಂದು ಜೂಲ್ ಶಕ್ತಿಯನ್ನು ಹೀರಿಕೊಂಡರೆ ಅದು ಒಂದು ಗ್ರೇ. ಅಷ್ಟೇ ಶಕ್ತಿಯಿಂದ ಒಂದು ಕಿಲೋಗ್ರಾಮ್ ನೀರನ್ನು ಕಾಯಿಸಿದರೆ ಅದರ ಉಷ್ಣತೆ ಏರುವುದು ಒಂದು ಡಿಗ್ರಿಯ ನಾಲ್ಕು ಸಾವಿರದಲ್ಲೊಂದು ಪಾಲಿನಷ್ಟು. ಒಂದು ಗುಟುಕು ಬಿಸಿ ಕಾಫಿ ನಮ್ಮ ದೇಹಕ್ಕೆ ಇದಕ್ಕಿಂತ ಹೆಚ್ಚು ಶಾಖವನ್ನು ಕೊಡುತ್ತದೆ. ಆದರೂ ದೇಹವೆಲ್ಲಕ್ಕೂ ನಾಲ್ಕೈದು ಗ್ರೇ ತಗುಲಿದರೆ, ಚಿಕಿತ್ಸೆಯಿಲ್ಲದಿದ್ದಲ್ಲಿ ಅರ್ಧಕ್ಕರ್ಧ ಜನ ಬದುಕುವುದಿಲ್ಲ. ಕಾರಣವೇನೆಂದರೆ ಒಂದು ಗ್ರೇ ಪ್ರಮಾಣವು ಪ್ರತಿ ಕೋಶದಲ್ಲಿ ಸುಮಾರು ಮೂವತ್ತು ನಾಲ್ವತ್ತು ಜೋಡಿ ಕಡಿತಗಳನ್ನು ಉಂಟುಮಾಡುತ್ತದೆ. ಶಕ್ತಿಯ ಮೊತ್ತ ಎಷ್ಟೆಂಬುದು ಮುಖ್ಯವಲ್ಲ, ಅದು ಎಲ್ಲಿ ಬಿತ್ತೆಂಬುದೇ ಮುಖ್ಯ.

ಈ ಜೋಡಿ ಕಡಿತವನ್ನು ಕೋಶವು ಎರಡು ಮುಖ್ಯ ರೀತಿಗಳಿಂದ ಸರಿಪಡಿಸುತ್ತದೆ. ಓಲೆಗ್ರಂಥದ ಗರಿಯೊಂದು ನಡುವೆ ಮುರಿದಿದೆಯೆಂದು ಊಹಿಸಿಕೊಳ್ಳಿ. ಅವಸರದವನೊಬ್ಬ ಮುರಿದ ಅಂಚುಗಳನ್ನು ಒಪ್ಪಮಾಡಿ, ಎರಡು ತುಂಡುಗಳನ್ನೂ ಒತ್ತಿ ಹಿಡಿದು ಕಟ್ಟಿಬಿಡುತ್ತಾನೆ. ಅಂಚಿನಲ್ಲಿ ಉದುರಿದ ಒಂದೆರಡು ಅಕ್ಷರಗಳು ಹೋದುವು, ಗ್ರಂಥವಂತೂ ಉಳಿಯಿತು. ಇನ್ನೊಬ್ಬ ಪಂಡಿತ, ಅದೇ ಗ್ರಂಥದ ಮತ್ತೊಂದು ಪ್ರತಿಯನ್ನು ತರಿಸಿ, ಮುರಿದ ಜಾಗದ ಹಿಂದು ಮುಂದಿನ ಸಾಲುಗಳನ್ನು ಹೋಲಿಸಿ, ಕಳೆದುಹೋದುದನ್ನು ಅಕ್ಷರಶಃ ನಕಲು ಮಾಡಿ ತುಂಬುತ್ತಾನೆ. ಮೊದಲನೆಯದನ್ನು ತುದಿಜೋಡಣೆ ಎಂದೂ ಎರಡನೆಯದನ್ನು ಸಮರೂಪ ಪುನಸ್ಸಂಯೋಜನೆ ಎಂದೂ ಕರೆಯೋಣ.

ತುದಿಜೋಡಣೆಯಲ್ಲಿ ಮೊದಲು ಬಂದು ಸೇರುವುದು ‘ಕು’ ಎಂಬ ಪ್ರೋಟೀನು. ಹೆಸರಿನ ಕಥೆ ಸ್ವಾರಸ್ಯವಾದುದು. 1981ರಲ್ಲಿ ಜಪಾನಿನ ಸಂಶೋಧಕರು ಒಬ್ಬ ರೋಗಿಯ ರಕ್ತದಲ್ಲಿ ತನ್ನದೇ ದೇಹದ ಒಂದು ಪ್ರೋಟೀನಿನ ವಿರುದ್ಧ ಎದ್ದ ಪ್ರತಿಕಾಯಗಳನ್ನು ಕಂಡರು. ಆ ರೋಗಿಯ ಹೆಸರಿನ ಮೊದಲ ಅಕ್ಷರಗಳಿಂದಲೇ ಪ್ರೋಟೀನಿಗೆ ಹೆಸರಾಯಿತು. ಅದು ದುರಸ್ತಿಯ ಪ್ರೋಟೀನೆಂಬುದು ತಿಳಿದುದು ಅನಂತರ. ಕು ಪ್ರೋಟೀನು ಉಂಗುರದ ಆಕಾರದ್ದು. ಕಡಿದ ತುದಿಗೆ ಬಳೆ ತೊಡಿಸಿದಂತೆ ಏರಿ ಕುಳಿತುಕೊಳ್ಳುತ್ತದೆ. ಮಾನವ ಕೋಶವೊಂದರಲ್ಲಿ ಇಂತಹ ಉಂಗುರಗಳು ಲಕ್ಷಗಟ್ಟಲೆ ಇರುವುದರಿಂದ ತುದಿಯೊಂದು ತೋರಿದ ಕ್ಷಣದಲ್ಲಿಯೇ ಅದನ್ನು ಹಿಡಿಯುವುವು. ಆಮೇಲೆ ಇತರ ಕಿಣ್ವಗಳು ಬಂದು ತುದಿಗಳನ್ನು ಸವರಿ, ನಾಲ್ಕನೆಯ ಲೈಗೇಸ್ ಎಂಬ ಕಿಣ್ವವು ಬೆಸುಗೆ ಹಾಕುತ್ತದೆ. ಯಾವ ತುದಿ ಯಾವುದಕ್ಕೆ ಸೇರಬೇಕೆಂದು ವಿಚಾರಿಸುವ ಪದ್ಧತಿ ಇಲ್ಲಿಲ್ಲ. ಹತ್ತಿರ ಸಿಕ್ಕ ತುದಿಗೆ ಸಿಕ್ಕ ತುದಿ.

ಎರಡನೆಯ ಮಾರ್ಗ ನಿಧಾನದ್ದು. ಕಡಿತದ ಇಕ್ಕೆಡೆಗಳಲ್ಲಿಯೂ ಒಂದೊಂದು ಎಳೆಯನ್ನು ಕಿಣ್ವಗಳು ಬಹುದೂರದವರೆಗೆ ಕಡಿದು ತಿನ್ನುತ್ತ ಹೋಗುತ್ತವೆ; ಉಳಿದ ಒಂಟಿ ಎಳೆಯು ಬತ್ತಲೆಯಾಗಿ ಚಾಚಿಕೊಳ್ಳುತ್ತದೆ. ಬಿ.ಆರ್.ಸಿ.ಎ.-2 ಎಂಬ ಪ್ರೋಟೀನಿನ ನೆರವಿನಿಂದ ರ್ಯಾಡ್-51 ಪ್ರೋಟೀನುಗಳು ಅದಕ್ಕೆ ಕವಚದಂತೆ ಹೊದೆದುಕೊಂಡು, ತನ್ನಂತೆಯೇ ಇರುವ ಅಕ್ಷರಮಾಲೆ ಎಲ್ಲಿದೆಯೆಂದು ಹುಡುಕುತ್ತವೆ. ಸಿಕ್ಕಿದಲ್ಲಿ ಆ ಜೋಡಿಯೊಳಕ್ಕೆ ನುಗ್ಗಿ, ಅದನ್ನು ಅಚ್ಚಾಗಿಟ್ಟುಕೊಂಡು ನಕಲು ತೆಗೆಯಲಾಗುತ್ತದೆ. ಆ ಅಚ್ಚು ಸಾಮಾನ್ಯವಾಗಿ ಸೋದರ ಎಳೆ, ಎಂದರೆ ಕೋಶವು ಇಬ್ಭಾಗವಾಗುವುದಕ್ಕೆ ಮುಂಚೆ ವರ್ಣತಂತುವನ್ನು ಇಮ್ಮಡಿಸಿಕೊಂಡಾಗ ಹುಟ್ಟಿದ ಎರಡನೆಯ ಪ್ರತಿ. ಇದರಿಂದ ಒಂದು ಮುಖ್ಯ ಸಂಗತಿ ಹೊರಡುತ್ತದೆ: ಪ್ರತಿ ಇದ್ದಾಗಲೇ ಪಂಡಿತನಿಗೆ ಕೆಲಸ. ಡಿ.ಎನ್.ಎ. ಇಮ್ಮಡಿಸುವ ಹಂತದಲ್ಲಿ ಮತ್ತು ಅದರ ಮುಂದಿನ ಹಂತದಲ್ಲಿ ಮಾತ್ರ ಈ ಮಾರ್ಗ ತೆರೆದಿರುತ್ತದೆ. ವಿಭಜನೆಯನ್ನು ನಿಲ್ಲಿಸಿ ವಿಶ್ರಮಿಸುತ್ತಿರುವ ಕೋಶದಲ್ಲಿ ಇದು ಮುಚ್ಚಿದಂತೆಯೇ ಸರಿ. ತುದಿಜೋಡಣೆಯಾದರೋ ಎಲ್ಲ ಹಂತಗಳಲ್ಲಿಯೂ ಸಿದ್ಧ. ತುದಿಯನ್ನು ತಿನ್ನಬೇಕೆ, ಬೇಡವೆ ಎಂಬಲ್ಲಿಯೇ ಹಾದಿ ಕವಲೊಡೆಯುತ್ತದೆ. 53ಬಿಪಿ1 ಎಂಬ ಪ್ರೋಟೀನು ತಿನ್ನದಂತೆ ಕಾಯುತ್ತದೆ, ಬಿ.ಆರ್.ಸಿ.ಎ.-1 ಅದನ್ನು ಪಕ್ಕಕ್ಕೆ ಸರಿಸುತ್ತದೆ.

ಈಗ ಜೀನ್ ತಿದ್ದುವ ಉಪಾಯವು ವಾಚಕರಿಗೆ ತಾನಾಗಿಯೇ ಹೊಳೆದಿರಬಹುದು. ಪಂಡಿತನ ಕೈಗೆ ನಾವೇ ತಿದ್ದಿ ಬರೆದ ಪ್ರತಿಯೊಂದನ್ನು ಇತ್ತರೆ? ಬದಲಾಯಿಸಬೇಕಾದ ಅಕ್ಷರವನ್ನು ನಡುವೆ ಇಟ್ಟು, ಎರಡು ಪಕ್ಕಗಳಲ್ಲಿಯೂ ಮೂಲದಂತೆಯೇ ಇರುವ ಸಾಲುಗಳನ್ನು ಜೋಡಿಸಿದ ಡಿ.ಎನ್.ಎ. ತುಂಡನ್ನು ಕೋಶದೊಳಕ್ಕೆ ಬಿಟ್ಟರೆ, ಕೋಶವು ಅದನ್ನೇ ಸರಿಯಾದ ಪ್ರತಿಯೆಂದು ನಂಬಿ ನಕಲು ಮಾಡಿಕೊಳ್ಳಬೇಕು. ಯೀಸ್ಟಿನಲ್ಲಿ ಈ ಉಪಾಯ ಬಹು ಸೊಗಸಾಗಿ ನಡೆಯಿತು. ಏಕೆಂದರೆ ಯೀಸ್ಟು ಸ್ವಭಾವತಃ ಪಂಡಿತ. ಕಡಿತಗಳನ್ನು ಹೆಚ್ಚಾಗಿ ಪುನಸ್ಸಂಯೋಜನೆಯಿಂದಲೇ ಸರಿಪಡಿಸುತ್ತದೆ.

ಮಾನವ ಕೋಶದಲ್ಲಿ ಇದನ್ನು ಮೊದಲು ಸಾಧಿಸಿದವರಲ್ಲಿ ಆಲಿವರ್ ಸ್ಮಿಥೀಸ್ ಪ್ರಮುಖರು. 1985ರಲ್ಲಿ ಅವರೂ ಸಹೋದ್ಯೋಗಿಗಳೂ ಆರಿಸಿಕೊಂಡ ಗುರಿ ಇದೇ ಬೀಟಾ ಗ್ಲೋಬಿನ್ ಜೀನು. ಪ್ರಯೋಗವೇನೋ ಯಶಸ್ವಿಯಾಯಿತು, ಆದರೆ ಹೊರಗಿನ ಡಿ.ಎನ್.ಎ.ಯನ್ನು ತಮ್ಮದಾಗಿಸಿಕೊಂಡ ಸಾವಿರ ಕೋಶಗಳಲ್ಲಿ ಹೆಚ್ಚು ಕಡಮೆ ಒಂದರಲ್ಲಿ ಮಾತ್ರ ಅದು ಗುರಿಯನ್ನು ಸೇರಿತ್ತು. ಮಿಕ್ಕ ಕೋಶಗಳಲ್ಲಿ ಆದುದೇನು? ನಾವು ಒಳಗೆ ಬಿಟ್ಟ ತುಂಡಿಗೂ ಎರಡು ತುದಿಗಳಿವೆಯಷ್ಟೆ! ಕೋಶದ ದೃಷ್ಟಿಯಲ್ಲಿ ಅದು ಪ್ರತಿಯಲ್ಲ, ಮುರಿದುಬಿದ್ದ ಮತ್ತೊಂದು ತುಂಡು. ಅವಸರದ ದುರಸ್ತಿಗಾರನು ಅದನ್ನು ಎತ್ತಿ, ಆಗ ಎಲ್ಲಿ ಕಡಿತವಿತ್ತೋ ಅಲ್ಲಿಗೆ ಬೆಸೆದುಬಿಟ್ಟ.

ಈ ಕೆಟ್ಟ ಚಾಳಿಯನ್ನೇ ಬಲೆಯಾಗಿ ಮಾಡಿಕೊಂಡ ಜಾಣತನ ಮಾರಿಯೊ ಕಪೆಕಿಯವರದು. 1988ರಲ್ಲಿ ಇಲಿಯ ಭ್ರೂಣಕೋಶಗಳ ಮೇಲೆ ಕೆಲಸ ಮಾಡುತ್ತಿದ್ದ ಅವರ ಗುಂಪು, ಹೊಗಿಸುವ ತುಂಡಿನ ಒಳಭಾಗದಲ್ಲಿ ಒಂದು ಔಷಧವನ್ನು ತಾಳಿಕೊಳ್ಳುವ ಜೀನನ್ನೂ, ಸಮರೂಪ ಭಾಗದ ಆಚೆ ಕೊನೆಯಲ್ಲಿ ಇನ್ನೊಂದು ಔಷಧಕ್ಕೆ ಬಲಿಯಾಗುವಂತೆ ಮಾಡುವ ವೈರಸ್ ಜೀನನ್ನೂ ಇಟ್ಟಿತು. ಪುನಸ್ಸಂಯೋಜನೆಯು ಸಮರೂಪವಾದ ಭಾಗವನ್ನಷ್ಟೇ ನಕಲು ಮಾಡುವುದರಿಂದ ಕೊನೆಯ ಜೀನು ಹೊರಗುಳಿಯುತ್ತದೆ. ತುದಿಜೋಡಣೆಯು ತುದಿಗಳನ್ನು ಹಿಡಿದು ಇಡೀ ತುಂಡನ್ನು ಬೆಸೆಯುವುದರಿಂದ ಆ ಕೋಶದಲ್ಲಿ ವೈರಸ್ ಜೀನು ಉಳಿದುಕೊಳ್ಳುತ್ತದೆ. ಎರಡು ಔಷಧಗಳನ್ನೂ ಹಾಕಿದರೆ ಬದುಕುವುದು ಬಹುಮಟ್ಟಿಗೆ ಗುರಿಮುಟ್ಟಿದ ಕೋಶವೇ. ಸ್ಮಿಥೀಸ್, ಕಪೆಕಿ ಮತ್ತು ಇವಾನ್ಸ್ ಅವರಿಗೆ 2007ರ ನೊಬೆಲ್ ಪಾರಿತೋಷಕ ಸಂದಿತು. ಆದರೆ ಇದು ತೂರಿ ಕೇರಿ ಆರಿಸುವ ವಿದ್ಯೆ. ಗುರಿ ಮುಟ್ಟುವವರ ಸಂಖ್ಯೆಯನ್ನು ಹೆಚ್ಚಿಸುವ ವಿದ್ಯೆಯಲ್ಲ. ರೋಗಿಯ ಮಜ್ಜೆಯ ಕೋಶಗಳನ್ನು ಹೀಗೆ ಸಾವಿರಕ್ಕೊಂದರಂತೆ ಆರಿಸುತ್ತ ಕೂರುವುದಾಗದು.

ಸಂಖ್ಯೆಯನ್ನು ಹೆಚ್ಚಿಸುವ ದಾರಿಯು ಯೋಚಿಸಿದರೆ ಸರಳವಾದುದು. ದುರಸ್ತಿಗಾರರು ಬರುವುದು ಕಡಿತವಿದ್ದಲ್ಲಿಗೆ. ಆದುದರಿಂದ ಗುರಿಯಿಟ್ಟ ಜಾಗದಲ್ಲಿಯೇ ಕಡಿತವನ್ನುಂಟುಮಾಡಬೇಕು. 1994ರಲ್ಲಿ ಮರಿಯಾ ಜೇಸಿನ್ ಮತ್ತು ಅವರ ಸಂಗಡಿಗರು ಯೀಸ್ಟಿನ ಒಂದು ಕತ್ತರಿ ಕಿಣ್ವವನ್ನು ಸಸ್ತನಿ ಕೋಶಗಳಲ್ಲಿ ಪ್ರಯೋಗಿಸಿದರು. ಈ ಕಿಣ್ವವು 18 ಅಕ್ಷರಗಳ ಒಂದು ನಿರ್ದಿಷ್ಟ ಸಾಲನ್ನು ಮಾತ್ರ ಕಡಿಯುತ್ತದೆ. ನಾಲ್ಕು ಅಕ್ಷರಗಳಿಂದ 18 ಸ್ಥಾನಗಳನ್ನು ತುಂಬುವ ರೀತಿಗಳು ಸುಮಾರು 6,900 ಕೋಟಿ. ಒಂದು ವಂಶಲಿಪಿಯ ಅಕ್ಷರಗಳು ಸುಮಾರು 310 ಕೋಟಿ. ಆದುದರಿಂದ ಆ ಸಾಲು ಆಕಸ್ಮಿಕವಾಗಿ ಬೇರೆಡೆ ಸಿಕ್ಕುವ ಸಂಭವ ಕಡಮೆ. ಮೊದಲೇ ನಾಟಿದ್ದ ಆ ಸಾಲನ್ನು ಕಡಿದೊಡನೆ ಪುನಸ್ಸಂಯೋಜನೆ ನೂರು ಪಟ್ಟಿಗೂ ಮೀರಿ ಏರಿತು. ಇನ್ನು ಬೇಕಾದುದು ಬೇಕೆಂದ ಜಾಗವನ್ನು ಕಡಿಯುವ ಕತ್ತರಿ. ಸತುವಿನ ಬೆರಳುಗಳುಳ್ಳ ಪ್ರೋಟೀನುಗಳಿಂದ ಮಾಡಿದ ಕತ್ತರಿಯಿಂದ 2005ರಲ್ಲಿ ಮಾನವ ಕೋಶಗಳಲ್ಲಿ ಒಂದು ಜೀನನ್ನು ಶೇಕಡ 18ರಷ್ಟು ತಿದ್ದಲಾಯಿತು. 2012ರಲ್ಲಿ ಶಾರ್ಪೆಂಟಿಯೆ ಮತ್ತು ಡೌಡ್ನಾ ಅವರು ತೋರಿಸಿದ ಕ್ರಿಸ್ಪರ್ ಕತ್ತರಿಯಂತೂ ಕೆಲಸವನ್ನು ಅತಿ ಸುಲಭ ಮಾಡಿತು. ಇಪ್ಪತ್ತು ಅಕ್ಷರಗಳ ಒಂದು ಆರ್.ಎನ್.ಎ. ತುಣುಕನ್ನು ಬದಲಾಯಿಸಿದರೆ ಸಾಕು, ಕತ್ತರಿ ಬೇರೆ ಕಡೆಗೆ ತಿರುಗುತ್ತದೆ.

ಕತ್ತರಿಯ ಪ್ರಶ್ನೆ ಬಗೆಹರಿಯಿತು. ಬೆಸುಗೆಯ ಪ್ರಶ್ನೆ ಹಾಗೆಯೇ ನಿಂತಿತು. ಕಡಿದ ಮೇಲೆ ಯಾರು ಬಂದು ಕೂಡಿಸುವರೆಂಬುದು ನಮ್ಮ ಕೈಯಲ್ಲಿಲ್ಲ. ತುದಿಜೋಡಣೆಯನ್ನೇ ಇಲ್ಲದಂತೆ ಮಾಡಿಬಿಟ್ಟರೆ? 2004ರಲ್ಲಿ ಜಪಾನಿನ ಸಂಶೋಧಕರು ನ್ಯೂರೊಸ್ಪೊರ ಎಂಬ ಬೂಷ್ಟಿನಲ್ಲಿ ಕು ಜೀನುಗಳನ್ನು ತೆಗೆದುಹಾಕಿದಾಗ, ಶೇಕಡ ಹತ್ತರಿಂದ ಮೂವತ್ತರಷ್ಟಿದ್ದ ಗುರಿಮುಟ್ಟುವಿಕೆ ಶೇಕಡ ನೂರಕ್ಕೇರಿತು. ಇದೇ ಚಿಕಿತ್ಸೆಯನ್ನು ಮಾನವ ಕೋಶಕ್ಕೆ ಮಾಡಹೊರಟರೆ ಕೋಶ ಸಾಯುತ್ತದೆ. ಕು ಇಲ್ಲದೆ ಇಲಿ ಬದುಕುತ್ತದೆ, ಬೂಷ್ಟು ಬದುಕುತ್ತದೆ. ಮಾನವನ ಕೋಶದಲ್ಲಿ ಮಾತ್ರ ವರ್ಣತಂತುಗಳ ತುದಿಗಳನ್ನು ಕಾಪಾಡುವ ಕೆಲಸವೂ ಕು ಪ್ರೋಟೀನಿನ ಮೇಲೆ ಬಿದ್ದಿದೆ. ಅದು ಹೋದರೆ ತುದಿಗಳು ಕಳಚಿಹೋಗುವುವು. ಆದರೆ ಅದನ್ನು ಪೂರ್ತಿ ತೆಗೆಯದೆ ಅರ್ಧಕ್ಕಿಳಿಸಿದ ಮಾನವ ಕೋಶಗಳಲ್ಲಿ ಗುರಿಮುಟ್ಟುವಿಕೆ ಹೆಚ್ಚಿದುದು 2008ರಲ್ಲಿ ಕಂಡುಬಂದಿತು. 2017ರಲ್ಲಿ ಇನ್ನೂ ಸ್ಪಷ್ಟವಾದ ಫಲ ದೊರೆಯಿತು. ನಾಲ್ಕನೆಯ ಲೈಗೇಸ್ ಒಂದನ್ನು ತೆಗೆದರೆ ಸಾಲದು. ತುದಿಗಳನ್ನು ಕೂಡಿಸುವ ಮತ್ತೊಂದು ಹಿಂಬಾಗಿಲು ಇದೆ, ಅದರ ಕಾವಲುಗಾರ ಥೀಟಾ ಪಾಲಿಮರೇಸ್. ಎರಡನ್ನೂ ತೆಗೆದ ಮಾನವ ಕೋಶದಲ್ಲಿ ಮನಬಂದ ಕಡೆ ಬೆಸೆದುಕೊಳ್ಳುವ ಕ್ರಿಯೆ ಹೆಚ್ಚುಕಡಮೆ ನಿಂತೇಹೋಯಿತು. ಗುರಿಮುಟ್ಟುವ ಕ್ರಿಯೆ ಉಳಿಯಿತು.

ಪ್ರಯೋಗಾಲಯದ ಕೋಶಕ್ಕೆ ಇದು ಸರಿ. ರೋಗಿಯ ದೇಹಕ್ಕೆ ಹಿಂದಿರುಗಬೇಕಾದ ಕೋಶದಲ್ಲಿ ತುದಿಜೋಡಣೆಯನ್ನು ಶಾಶ್ವತವಾಗಿ ಕಿತ್ತುಹಾಕುವಂತಿಲ್ಲ. ರೋಗಾಣುಗಳನ್ನೆದುರಿಸುವ ಪ್ರತಿಕಾಯಗಳ ಜೀನುಗಳನ್ನು ನಮ್ಮ ದೇಹವು ತುಂಡುತುಂಡಾಗಿ ಕಡಿದು ಜೋಡಿಸಿಯೇ ತಯಾರಿಸುವುದು. ಆ ಜೋಡಣೆಯೂ ಇದೇ ಮಾರ್ಗದ್ದು. ಇದು ಕೆಟ್ಟು ಹುಟ್ಟಿದ ಮಕ್ಕಳಿಗೆ ರೋಗನಿರೋಧಶಕ್ತಿಯೇ ಇರುವುದಿಲ್ಲ. ಆದುದರಿಂದ ಸ್ವಲ್ಪ ಕಾಲ ಮಾತ್ರ ತಡೆಹಿಡಿಯುವ ಉಪಾಯಗಳು ಹುಟ್ಟಿದುವು: ಪ್ರತಿ ಲಭ್ಯವಿರುವ ಹಂತದಲ್ಲಿ ಕೋಶಗಳನ್ನು ನಿಲ್ಲಿಸಿ ಕತ್ತರಿಯನ್ನು ಕಳಿಸುವುದು, 53ಬಿಪಿ1 ಕಾವಲುಗಾರನ ಕಣ್ಣಿಗೆ ಮಣ್ಣೆರಚುವುದು, ಕು ಪ್ರೋಟೀನಿನ ಜತೆಗಾರನಾದ ಕಿಣ್ವವೊಂದನ್ನು ಔಷಧದಿಂದ ತಡೆಯುವುದು.

ಈ ಕೊನೆಯ ಉಪಾಯದ ವಿಚಾರದಲ್ಲಿ ನಮ್ಮ ವಿದ್ಯಾರ್ಥಿಗಳು ಅರಿಯಲೇಬೇಕಾದ ಒಂದು ಸಂಗತಿಯುಂಟು. ಔಷಧ ಹಾಕಿದಾಗ ಸರಿಯಾಗಿ ತಿದ್ದಲ್ಪಟ್ಟ ಕೋಶಗಳ ಪ್ರಮಾಣ ಬಹಳ ಏರಿದಂತೆ ಕಂಡಿತು. ಅಳತೆ ಮಾಡಿದುದು ಹೇಗೆ? ಕಡಿದ ಜಾಗದ ಇಕ್ಕೆಲಗಳಲ್ಲಿ ಕೆಲವು ನೂರು ಅಕ್ಷರಗಳಷ್ಟನ್ನು ಮಾತ್ರ ನಕಲೆತ್ತಿ ಓದುವುದು ರೂಢಿ. 2024ರಲ್ಲಿ ಜೂರಿಕ್ಕಿನ ಸಂಶೋಧಕರು ಇನ್ನೂ ಅಗಲವಾಗಿ ಓದಿ ನೋಡಿದಾಗ, ಅನೇಕ ಕೋಶಗಳಲ್ಲಿ ಕಡಿತದ ಸುತ್ತ ಸಾವಿರಗಟ್ಟಲೆ ಅಕ್ಷರಗಳು, ಕೆಲವೆಡೆ ವರ್ಣತಂತುವಿನ ತೋಳೇ ಮಾಯವಾಗಿತ್ತು. ಓದಲು ಹಿಡಿಯುವ ಜಾಗವೇ ಹೋದುದರಿಂದ ಇಂತಹ ಕೋಶಗಳು ಲೆಕ್ಕಕ್ಕೇ ಬಂದಿರಲಿಲ್ಲ. ಉಳಿದವನ್ನು ಎಣಿಸಿದ್ದರಿಂದ ಶೇಕಡಾವಾರು ಚೆಲುವಾಗಿ ಕಂಡಿತ್ತು. ದುರಸ್ತಿಯ ಒಂದು ಬಾಗಿಲನ್ನು ಮುಚ್ಚಿದರೆ ಎಳೆಯು ಪಂಡಿತನ ಬಾಗಿಲಿಗೇ ಹೋಗುವುದೆಂಬ ಭರವಸೆಯಿಲ್ಲ. ಇದಕ್ಕೆ ಮುಂಚೆಯೇ, 2018ರಲ್ಲಿ ಇನ್ನೊಂದು ಎಚ್ಚರಿಕೆ ಬಂದಿತ್ತು. ಕಡಿತವನ್ನು ಕಂಡ ಆರೋಗ್ಯವಂತ ಕೋಶವು ಪಿ-53 ಎಂಬ ಪ್ರೋಟೀನಿನ ಮೂಲಕ ವಿಭಜನೆಯನ್ನು ನಿಲ್ಲಿಸಿಬಿಡುತ್ತದೆ. ಹಾಗಿರುವಾಗ ಸುಲಭವಾಗಿ ತಿದ್ದಿಸಿಕೊಂಡು ಬೆಳೆಯುವ ಕೋಶಗಳಲ್ಲಿ ಪಿ-53 ಕೆಟ್ಟಿರುವ ಕೋಶಗಳೇ ಹೆಚ್ಚಾಗಿ ಸೇರಿಕೊಳ್ಳಬಹುದು. ಪಿ-53 ಕೆಡುವುದು ಅರ್ಬುದ ರೋಗದ ದಾರಿಯಲ್ಲಿ ಒಂದು ಹೆಜ್ಜೆ.

ಇನ್ನು ಕುಡುಗೋಲು ಕಣದ ರೋಗಕ್ಕೆ ಬರೋಣ. 2023ರ ನವೆಂಬರಿನಲ್ಲಿ ಬ್ರಿಟನ್ನಿನಲ್ಲಿಯೂ ಡಿಸೆಂಬರಿನಲ್ಲಿ ಅಮೆರಿಕದಲ್ಲಿಯೂ ಇದಕ್ಕೆ ಕ್ರಿಸ್ಪರ್ ಚಿಕಿತ್ಸೆಗೆ ಅನುಮತಿ ದೊರೆಯಿತು. ಆ ತಪ್ಪಕ್ಷರವನ್ನು ಅದು ತಿದ್ದುತ್ತದೆಂದು ಯಾರಾದರೂ ಊಹಿಸಿದರೆ ಆ ಊಹೆ ಸುಳ್ಳು. ರಕ್ತವನ್ನು ಹುಟ್ಟಿಸುವ ಮಜ್ಜೆಯ ಮೂಲಕೋಶಗಳು ಬಹುಪಾಲು ವಿಶ್ರಾಂತಿಯಲ್ಲಿರುವಂತಹವು. ಅಲ್ಲಿ ಪುನಸ್ಸಂಯೋಜನೆಗೆ ಅವಕಾಶ ಕಡಮೆ. ಆದುದರಿಂದ ಈ ಚಿಕಿತ್ಸೆಯು ಅವಸರದ ದುರಸ್ತಿಗಾರನನ್ನೇ ಕೆಲಸಕ್ಕೆ ಹಚ್ಚಿತು. ಭ್ರೂಣಾವಸ್ಥೆಯಲ್ಲಿ ನಮಗಿದ್ದ ಬೇರೊಂದು ಹೀಮೊಗ್ಲೋಬಿನ್ನನ್ನು ಹುಟ್ಟಿದ ಮೇಲೆ ಅಡಗಿಸುವ ಜೀನೊಂದಿದೆ. ರಕ್ತಕೋಶದಲ್ಲಿ ಅದನ್ನು ಚುರುಕುಗೊಳಿಸುವ ಸಾಲನ್ನು ಕತ್ತರಿಯು ಕಡಿಯುತ್ತದೆ. ತುದಿಜೋಡಣೆಯು ಎಂದಿನಂತೆ ಅಕ್ಷರಗಳನ್ನು ಉದುರಿಸಿ ಬೆಸೆಯುತ್ತದೆ. ಸಾಲು ಕೆಡುತ್ತದೆ, ಅಡಗಿಸುವ ಜೀನು ಸೊರಗುತ್ತದೆ, ಹಳೆಯ ಹೀಮೊಗ್ಲೋಬಿನ್ ಮರಳಿ ಬರುತ್ತದೆ. ದೋಷವುಳ್ಳ ಜೀನು ಮಾತ್ರ ಇದ್ದಲ್ಲಿಯೇ ಇದೆ. ಚಿಕಿತ್ಸೆಗೆ ಮುನ್ನ ಹಳೆಯ ಮಜ್ಜೆಯನ್ನು ತೀವ್ರವಾದ ಔಷಧದಿಂದ ಬರಿದುಮಾಡಬೇಕು, ಬೆಲೆಯೂ ಗಗನಕ್ಕೇರಿದ್ದು. ಬೆಟ್ಟದ ಹಾಡಿಗೆ ಇದು ತಲಪುವ ಮಾತನ್ನು ಈಗಲೇ ಆಡುವಂತಿಲ್ಲ.

ಎರಡು ಎಳೆಗಳನ್ನೂ ಕಡಿಯದೆಯೇ ತಿದ್ದುವ ಹೊಸ ಸಾಧನಗಳನ್ನು ಡೇವಿಡ್ ಲಿಯು ಅವರ ಗುಂಪು 2016ರಿಂದೀಚೆಗೆ ರಚಿಸಿದೆ. ಅವುಗಳಲ್ಲೊಂದು, ಒಂದು ಎಳೆಯ ಅಕ್ಷರವನ್ನು ರಾಸಾಯನಿಕವಾಗಿ ಮಾರ್ಪಡಿಸಿ, ಎದುರಿನ ಎಳೆಗೆ ಸಣ್ಣ ಗೀರು ಹಾಕುತ್ತದೆ. ಗೀರು ಬಿದ್ದ ಎಳೆಯೇ ತಪ್ಪಿನದೆಂದು ಕೋಶವು ಬಗೆದು, ಮಾರ್ಪಟ್ಟ ಅಕ್ಷರಕ್ಕೆ ಹೊಂದುವಂತೆ ಅದನ್ನು ತಿದ್ದುತ್ತದೆ. ಇನ್ನೊಂದು ಸಾಧನ 2019ರದು. ಹೊಸ ಸಾಲನ್ನು ಸ್ಥಳದಲ್ಲಿಯೇ ಬರೆದು ಸೇರಿಸುತ್ತದೆ. ಅಕ್ಷರಗಳು ಎದುರುಬದುರು ಹೊಂದದಿದ್ದಾಗ ಸರಿಪಡಿಸುವ ಪಡೆಯು, ಈ ಹೊಸ ಬರಹವನ್ನೇ ತಪ್ಪೆಂದು ಅಳಿಸಿಹಾಕುತ್ತಿತ್ತೆಂಬುದು 2021ರಲ್ಲಿ ತಿಳಿಯಿತು. ಆ ಪಡೆಯನ್ನು ತುಸು ಹೊತ್ತು ತಡೆದಾಗ ಫಲ ಹೆಚ್ಚಿತು. ಮೊದಲನೆಯ ಸಾಧನಕ್ಕೆ ಟಿ ಅಕ್ಷರವನ್ನು ಎ ಮಾಡುವ ಶಕ್ತಿಯಿಲ್ಲ, ಸಿ ಮಾಡಬಲ್ಲುದು. ಹಾಗೆ ಮಾಡಿದರೆ ವ್ಯಾಲಿನ್ನಿನ ಸ್ಥಾನಕ್ಕೆ ಗ್ಲೂಟಾಮಿಕ್ ಆಮ್ಲ ಬರುವುದಿಲ್ಲ, ಅಲನಿನ್ ಬರುತ್ತದೆ. ಅಂತಹ ಹೀಮೊಗ್ಲೋಬಿನ್ ಹುಟ್ಟಿನಿಂದಲೇ ಇರುವ ಮನುಷ್ಯರು ಇಂಡೋನೇಷ್ಯದ ಮಕಾಸ್ಸರಿನಲ್ಲಿ ಮೊದಲು ಕಂಡುಬಂದರು. ಅವರ ರಕ್ತಕಣಗಳು ಕುಡುಗೋಲಿನಂತೆ ಬಾಗುವುದಿಲ್ಲ. 2021ರಲ್ಲಿ ಈ ತಿದ್ದುಪಡಿಯನ್ನು ರೋಗಿಗಳ ಮೂಲಕೋಶಗಳಲ್ಲಿ ಮಾಡಿ ಇಲಿಗಳ ದೇಹಕ್ಕೆ ಸೇರಿಸಿದಾಗ, ಅವು ಅಲ್ಲಿ ನೆಲೆಯೂರಿ ಬಾಗದ ರಕ್ತಕಣಗಳನ್ನು ಹುಟ್ಟಿಸಿದುವು.